ನಕ್ಷೆಯಲ್ಲಿ ಇಲ್ಲದ ಊರಿಗೆ ನೆರವು ಹೇಗೆ ತಲುಪೀತು?

ಭೂಕಂಪ, ಚಂಡಮಾರುತ ಅಥವಾ ಸಾಂಕ್ರಾಮಿಕ ರೋಗ ಒಂದು ದೇಶವನ್ನು ಬಡಿದಾಗ ನಾವು ಸಾಮಾನ್ಯವಾಗಿ ಕೇಳುವುದು ಎರಡು ಸುದ್ದಿ. ಎಷ್ಟು ಮಂದಿ ಪ್ರಾಣ ಕಳಕೊಂಡರು? ಎಷ್ಟು ನೆರವು ಹರಿದು ಬಂತು? ಇವೆರಡರ ನಡುವೆ ಮೂರನೆಯ ಪ್ರಶ್ನೆಯೊಂದಿದೆ. ವಿಮಾನ ನಿಲ್ದಾಣಕ್ಕೆ ಬಂದಿಳಿದ ಅಕ್ಕಿ, ಔಷಧ, ಡೇರೆಗಳು ಯಾವ ದಾರಿಯಲ್ಲಿ, ಯಾವ ಊರಿಗೆ ಹೋಗಬೇಕು? ಊರಿನ ಹೆಸರೇ ನಕ್ಷೆಯಲ್ಲಿ ಇಲ್ಲವಾದರೆ ಅಲ್ಲಿನ ಜನರನ್ನು ಲೆಕ್ಕಕ್ಕೆ ಹಿಡಿಯುವವರು ಯಾರು?

ಬಡ ದೇಶಗಳ ಮಟ್ಟಿಗೆ ಇದು ಸಣ್ಣ ಪ್ರಶ್ನೆಯಲ್ಲ. ನಕ್ಷೆ ಮಾರುವ ಕಂಪೆನಿಗಳು ಗಿರಾಕಿ ಇರುವಲ್ಲಿಗೆ ಮೊದಲು ಹೋಗುತ್ತವೆ. ಕೊಳೆಗೇರಿಗಳ ಓಣಿಗಳು, ಕಾಡಂಚಿನ ಹಳ್ಳಿಗಳು ಅವುಗಳ ಪಟ್ಟಿಯಲ್ಲಿ ಕೊನೆಗೆ ಬರುತ್ತವೆ. ಈ ಕೊರತೆಯನ್ನು ತುಂಬಲು ಜಗತ್ತಿನ ಸಾವಿರಾರು ಸ್ವಯಂಸೇವಕರು ಮುಂದೆ ಬಂದಿರುವ ಬಗೆಯನ್ನೂ, ಅದರ ಮಿತಿಯನ್ನೂ ಇಲ್ಲಿ ಅವಲೋಕಿಸೋಣ.

2004ರಲ್ಲಿ ಇಂಗ್ಲೆಂಡಿನಲ್ಲಿ ಸ್ಟೀವ್ ಕೋಸ್ಟ್ ಎಂಬವರು ‘ಓಪನ್‌ಸ್ಟ್ರೀಟ್‌ಮ್ಯಾಪ್’ ಎಂಬ ನಕ್ಷೆಯನ್ನು ಆರಂಭಿಸಿದರು. ಇದಕ್ಕೆ ಯಾರು ಬೇಕಾದರೂ ಮಾಹಿತಿ ಸೇರಿಸಬಹುದು, ತಪ್ಪಿದ್ದರೆ ತಿದ್ದಬಹುದು, ಹಣ ಕೊಡದೆ ಬಳಸಬಹುದು. ಆರಂಭದಲ್ಲಿ ಹವ್ಯಾಸಿಗಳ ಕೆಲಸವಾಗಿದ್ದ ಇದರ ಬೆಲೆ ಜಗತ್ತಿಗೆ ತಿಳಿದದ್ದು ಹೈಟಿ ದೇಶದಲ್ಲಿ.

2010ರ ಜನವರಿ 12ರಂದು ಅಲ್ಲಿ ಸಂಭವಿಸಿದ 7.0 ತೀವ್ರತೆಯ ಭೂಕಂಪದಲ್ಲಿ ಲಕ್ಷಕ್ಕೂ ಮಿಕ್ಕಿ ಜನ ಮಡಿದರು. ರಾಜಧಾನಿ ಪೋರ್ಟ್-ಒ-ಪ್ರಿನ್ಸ್‌ನ ಮಹಾದೇವಾಲಯ ಕುಸಿಯಿತು. ಅಲ್ಲಿನ ಮಹಾಧರ್ಮಾಧ್ಯಕ್ಷ ಜೋಸೆಫ್ ಸೆರ್ಜ್ ಮಿಯೊ ಅವರೂ ಆ ದುರಂತದಲ್ಲಿ ತೀರಿಕೊಂಡರು. ನೆರವಿಗೆ ಧಾವಿಸಿದವರ ಕೈಯಲ್ಲಿ ನಗರದ ಸರಿಯಾದ ಬೀದಿ ನಕ್ಷೆ ಇರಲಿಲ್ಲ. ಉಪಗ್ರಹ ಸಂಸ್ಥೆಗಳು ಹೊಸ ಚಿತ್ರಗಳನ್ನು ಬಿಡುಗಡೆ ಮಾಡಿದೊಡನೆ, ಹೈಟಿಯನ್ನು ಎಂದೂ ಕಾಣದ ನೂರಾರು ಮಂದಿ ತಮ್ಮ ತಮ್ಮ ಮನೆಗಳಲ್ಲಿ ಕುಳಿತು ರಸ್ತೆ, ಕಟ್ಟಡ, ನಿರಾಶ್ರಿತರ ಶಿಬಿರಗಳನ್ನು ಗುರುತಿಸಿದರು. ಕೆಲವೇ ದಿನಗಳಲ್ಲಿ ರಕ್ಷಣಾ ತಂಡಗಳು ಈ ನಕ್ಷೆಯನ್ನು ಕೈಯಲ್ಲಿ ಹಿಡಿದು ಓಡಾಡುವಂತಾಯಿತು. ಅದೇ ವರ್ಷ ಈ ಸೇವೆಗೆಂದೇ ‘ಹ್ಯುಮಾನಿಟೇರಿಯನ್ ಓಪನ್‌ಸ್ಟ್ರೀಟ್‌ಮ್ಯಾಪ್ ಟೀಮ್’ ಎಂಬ ಸಂಸ್ಥೆ ಅಧಿಕೃತವಾಗಿ ನೋಂದಣಿಯಾಯಿತು.

ಕೆಲಸದ ಕ್ರಮ ಸರಳವಾಗಿದೆ. ನಕ್ಷೆ ಬೇಕಾದ ಪ್ರದೇಶವನ್ನು ಸಣ್ಣ ಸಣ್ಣ ಚೌಕಗಳಾಗಿ ವಿಂಗಡಿಸಲಾಗುತ್ತದೆ. ಒಬ್ಬ ಸ್ವಯಂಸೇವಕ ಒಂದು ಚೌಕವನ್ನು ವಹಿಸಿಕೊಂಡು, ಉಪಗ್ರಹ ಚಿತ್ರವನ್ನು ನೋಡಿ ರಸ್ತೆ ಮತ್ತು ಕಟ್ಟಡಗಳ ಗೆರೆ ಎಳೆಯುತ್ತಾನೆ. ಅನುಭವವುಳ್ಳ ಇನ್ನೊಬ್ಬರು ಅದನ್ನು ಪರಿಶೀಲಿಸುತ್ತಾರೆ. ಬಳಿಕ ಸ್ಥಳೀಯರು ಊರಲ್ಲಿ ನಡೆದಾಡಿ ಹೆಸರುಗಳನ್ನು ತುಂಬುತ್ತಾರೆ. ಇದು ಶಾಲೆ, ಇದು ಆಸ್ಪತ್ರೆ, ಈ ಬಾವಿಯ ನೀರು ಕುಡಿಯಲು ಯೋಗ್ಯ, ಈ ಸೇತುವೆ ಮಳೆಗಾಲದಲ್ಲಿ ಮುಳುಗುತ್ತದೆ ಎಂಬ ಮಾಹಿತಿ ಅವರಿಂದ ಮಾತ್ರ ಸಿಗುತ್ತದೆ.

2014ರಲ್ಲಿ ಪಶ್ಚಿಮ ಆಫ್ರಿಕಾದಲ್ಲಿ ಎಬೋಲಾ ಹರಡಿದಾಗ ಈ ಕೊನೆಯ ಹಂತದ ಮಹತ್ವ ಸ್ಪಷ್ಟವಾಯಿತು. ಗಿನಿ ದೇಶದ ಗೆಕೆಡು ಪ್ರದೇಶದಲ್ಲಿ ಚಿಕಿತ್ಸೆ ನೀಡುತ್ತಿದ್ದ ‘ಗಡಿಗಳಿಲ್ಲದ ವೈದ್ಯರು’ ಸಂಸ್ಥೆ ನಕ್ಷೆಗಾಗಿ ಮನವಿ ಮಾಡಿತು. ರೋಗಿ ತನ್ನ ಹಳ್ಳಿಯ ಹೆಸರು ಹೇಳಿದರೆ ಆ ಹಳ್ಳಿ ಎಲ್ಲಿದೆ, ರೋಗಿಯ ಸಂಪರ್ಕಕ್ಕೆ ಬಂದವರನ್ನು ಎಲ್ಲಿ ಹುಡುಕಬೇಕು ಎಂದು ತಿಳಿಯಬೇಕಿತ್ತು. ಆ ರೋಗ 11 ಸಾವಿರಕ್ಕೂ ಮಿಕ್ಕಿ ಜನರನ್ನು ಬಲಿ ತೆಗೆದುಕೊಂಡಿತು. ಅದೇ ವರ್ಷದ ನವೆಂಬರ್‌ನಲ್ಲಿ ಅಮೆರಿಕ ಮತ್ತು ಬ್ರಿಟನ್‌ಗಳ ರೆಡ್‌ಕ್ರಾಸ್, ಗಡಿಗಳಿಲ್ಲದ ವೈದ್ಯರು ಹಾಗೂ ಮೇಲೆ ಹೇಳಿದ ನಕ್ಷೆ ಸಂಸ್ಥೆ ಸೇರಿ ‘ಮಿಸ್ಸಿಂಗ್ ಮ್ಯಾಪ್ಸ್’ ಯೋಜನೆಯನ್ನು ಆರಂಭಿಸಿದವು. ದುರಂತ ಬರುವ ಮೊದಲೇ ನಕ್ಷೆ ಸಿದ್ಧವಿರಬೇಕು ಎಂಬುದೇ ಅದರ ಆಶಯ.

ಈ ಆಶಯ ಎಷ್ಟು ಸರಿ ಎಂಬುದನ್ನು ನೇಪಾಳ ತೋರಿಸಿಕೊಟ್ಟಿತು. ಕಠ್ಮಂಡುವಿನ ಯುವಜನರು 2012ರಿಂದಲೇ ವಿಶ್ವ ಬ್ಯಾಂಕಿನ ಯೋಜನೆಯೊಂದರ ಅಡಿಯಲ್ಲಿ ಕಣಿವೆಯ ಶಾಲೆ, ಆಸ್ಪತ್ರೆಗಳನ್ನು ನಕ್ಷೆಗೆ ಸೇರಿಸುತ್ತಾ ಬಂದಿದ್ದರು. ‘ಕಠ್ಮಂಡು ಲಿವಿಂಗ್ ಲ್ಯಾಬ್ಸ್’ ಎಂಬ ಅವರದೇ ಸಂಸ್ಥೆ ಹುಟ್ಟಿಕೊಂಡಿತ್ತು. 2015ರ ಏಪ್ರಿಲ್ 25ರ ಭೂಕಂಪ ಸುಮಾರು 9 ಸಾವಿರ ಜೀವಗಳನ್ನು ಕಸಿದುಕೊಂಡಾಗ, ಹೈಟಿಯಂತೆ ಎಲ್ಲವನ್ನೂ ಮೊದಲಿನಿಂದ ಆರಂಭಿಸುವ ಅಗತ್ಯ ಬೀಳಲಿಲ್ಲ. ಹೊರದೇಶಗಳ ಸಾವಿರಾರು ಸ್ವಯಂಸೇವಕರು ಗೆರೆ ಎಳೆದರು. ಯಾವ ಕೆಲಸ ಮೊದಲು ಆಗಬೇಕು, ಯಾವುದು ತಪ್ಪು ಎಂದು ಹೇಳಲು ಊರಿನವರೇ ಇದ್ದರು. ಹೈಟಿ ಮತ್ತು ನೇಪಾಳದ ನಡುವಿನ ಈ ವ್ಯತ್ಯಾಸವೇ ಇಡೀ ವಿಷಯದ ತಿರುಳು ಎಂದು ನಾವು ಭಾವಿಸುತ್ತೇವೆ.

ಟಾಂಜಾನಿಯಾದ ದಾರ್ ಎಸ್ ಸಲಾಮ್ ನಗರವೂ ಇದೇ ದಾರಿ ಹಿಡಿಯಿತು. 2015ರಲ್ಲಿ ಆರಂಭವಾದ ‘ರಮಾನಿ ಹುರಿಯಾ’ ಯೋಜನೆಯಲ್ಲಿ ವಿಶ್ವವಿದ್ಯಾನಿಲಯದ ವಿದ್ಯಾರ್ಥಿಗಳು ಬಡಾವಣೆಯ ನಿವಾಸಿಗಳ ಜೊತೆ ಓಡಾಡಿ, ಮಳೆ ಬಂದರೆ ನೀರು ಎಲ್ಲಿ ನಿಲ್ಲುತ್ತದೆ, ಚರಂಡಿ ಎಲ್ಲಿದೆ ಎಂದು ಗುರುತಿಸಿದರು. ಕೊಳೆಗೇರಿಗಳೂ ಕಾಗದದ ಮೇಲೆ ಕಾಣಿಸಿಕೊಂಡವು.

ಆದರೆ ಈ ಕೆಲಸವನ್ನು ಬರೇ ಹೊಗಳಿ ಬಿಡುವುದು ಸರಿಯಲ್ಲ. 2013ರ ನವೆಂಬರ್‌ನಲ್ಲಿ ಹೈಯಾನ್ ಚಂಡಮಾರುತ ಫಿಲಿಪ್ಪೀನ್ಸ್ ದೇಶವನ್ನು ಅಪ್ಪಳಿಸಿದ ನಂತರ, ಯಾವ ಮನೆ ಬಿದ್ದಿದೆ ಎಂಬುದನ್ನೂ ಸ್ವಯಂಸೇವಕರು ಆಕಾಶದ ಚಿತ್ರ ನೋಡಿ ಗುರುತಿಸಲು ಯತ್ನಿಸಿದರು. ಸ್ಥಳಕ್ಕೆ ಹೋಗಿ ತಾಳೆ ನೋಡಿದಾಗ ಆ ಅಂದಾಜಿನಲ್ಲಿ ಬಹಳಷ್ಟು ತಪ್ಪುಗಳು ಕಂಡುಬಂದವು. ಮೇಲಿನಿಂದ ಮಾಡು ಕಾಣುತ್ತದೆ, ಒಳಗಿನ ಗೋಡೆಯ ಬಿರುಕು ಕಾಣುವುದಿಲ್ಲ. ಇನ್ನು ಯುದ್ಧ ನಡೆಯುವ ಪ್ರದೇಶಗಳಲ್ಲಿ ವೈದ್ಯರಿಗೆ ಆಸ್ಪತ್ರೆ ತೋರಿಸುವ ನಕ್ಷೆ ಆಯುಧ ಹಿಡಿದವರಿಗೂ ಅದನ್ನೇ ತೋರಿಸುತ್ತದೆ. ಏನನ್ನು ಬರೆಯಬೇಕು, ಏನನ್ನು ಬಿಡಬೇಕು ಎಂದು ತೀರ್ಮಾನಿಸುವ ಹಕ್ಕು ಅಲ್ಲಿ ಬದುಕುವವರಿಗೆ ಇರಬೇಕು.

ಈಗ ಇನ್ನೆರಡು ಸವಾಲುಗಳು ಎದುರಾಗಿವೆ. ಮೊದಲನೆಯದು ಯಂತ್ರ. ಮೈಕ್ರೋಸಾಫ್ಟ್ 2019ರಲ್ಲಿ ಉಗಾಂಡ ಮತ್ತು ಟಾಂಜಾನಿಯಾದ ಕಟ್ಟಡಗಳನ್ನೂ, ಗೂಗಲ್ 2021ರಲ್ಲಿ ಆಫ್ರಿಕಾ ಖಂಡದ ಬಹುಭಾಗದ ಕಟ್ಟಡಗಳನ್ನೂ ಕಂಪ್ಯೂಟರ್ ಮೂಲಕವೇ ಗುರುತಿಸಿ ಬಿಡುಗಡೆ ಮಾಡಿದವು. ಹಾಗಾದರೆ ಸ್ವಯಂಸೇವಕರು ಏಕೆ ಬೇಕು ಎಂಬ ಪ್ರಶ್ನೆ ಏಳುವುದು ಸಹಜ. ಯಂತ್ರ ಕಟ್ಟಡವನ್ನು ಗುರುತಿಸೀತು. ಅದು ಹೆರಿಗೆ ಆಸ್ಪತ್ರೆಯೋ ಗೋದಾಮೋ, ಊರಿನವರು ಅದನ್ನು ಯಾವ ಹೆಸರಿನಿಂದ ಕರೆಯುತ್ತಾರೆ ಎಂದು ಹೇಳಲಾರದು. ಎರಡನೆಯದು ಹಣ. ವಿದ್ಯಾರ್ಥಿಗಳ ‘ಯೂತ್‌ಮ್ಯಾಪರ್ಸ್’ ಸಂಘಟನೆ 2015ರಲ್ಲಿ ಹುಟ್ಟಿದ್ದು ಅಮೆರಿಕ ಸರಕಾರದ ನೆರವು ಸಂಸ್ಥೆ ಯುಎಸ್‌ಏಡ್‌ನ ಬೆಂಬಲದಿಂದ. 2025ರ ಜುಲೈಯಲ್ಲಿ ಆ ಸಂಸ್ಥೆ ತನ್ನ ನೆರವಿನ ಕಾರ್ಯವನ್ನೇ ನಿಲ್ಲಿಸಿತು. ಗೆರೆ ಎಳೆಯುವವರು ಸಂಬಳ ಕೇಳುವುದಿಲ್ಲ ನಿಜ. ತರಬೇತಿ ಕೊಡುವವರಿಗೆ, ಹಳ್ಳಿಗೆ ಹೋಗಿ ಹೆಸರು ಕೇಳಿ ಬರುವವರಿಗೆ ಖರ್ಚು ಇದ್ದೇ ಇದೆ.

ಇದು ದೂರದ ದೇಶಗಳ ಮಾತು ಎಂದು ಕರಾವಳಿಯವರಾದ ನಾವು ತಿಳಿಯಬೇಕಾಗಿಲ್ಲ. 2018ರ ಆಗಸ್ಟ್‌ನಲ್ಲಿ ನೆರೆಯ ಕೇರಳ ಮುಳುಗಿದಾಗ ಇದೇ ನಕ್ಷೆಗೆ ಸ್ವಯಂಸೇವಕರು ರಸ್ತೆ, ಮನೆಗಳನ್ನು ಸೇರಿಸಿದರು. ಸಮುದ್ರದಿಂದ ದೋಣಿ ತಂದು ಸಾವಿರಾರು ಜನರನ್ನು ಬದುಕಿಸಿದ ಮೀನುಗಾರರಿಗೆ ನೀರು ಗೊತ್ತಿತ್ತು, ನೀರಿನಡಿಯ ಓಣಿಗಳು ಗೊತ್ತಿರಲಿಲ್ಲ. ದಾರಿ ತೋರಿಸಿದ್ದು ದೋಣಿ ಹತ್ತಿದ ಊರಿನವರು. ಯಾವ ಮನೆಯಲ್ಲಿ ಹಾಸಿಗೆ ಹಿಡಿದ ಅಜ್ಜಿ ಇದ್ದಾರೆ ಎಂಬುದು ಇಂದಿಗೂ ನೆರೆಮನೆಯವರಿಗೆ, ನಮ್ಮ ವಾಳೆಯ ಗುರಿಕಾರರಿಗೆ ತಿಳಿದಿರುವಷ್ಟು ಯಾವ ಕಚೇರಿಗೂ ತಿಳಿದಿಲ್ಲ.

ದುರಂತದ ಸುದ್ದಿ ಬಂದಾಗ ಕಾಣಿಕೆ ಕೊಡುವುದು ನಮಗೆ ರೂಢಿಯಾಗಿದೆ. ಅದು ಮುಂದುವರಿಯಲಿ. ಅದರ ಜೊತೆಗೆ ಕಂಪ್ಯೂಟರ್ ಬಲ್ಲ ನಮ್ಮ ಯುವಜನರು ವಾರಕ್ಕೆ ಒಂದೆರಡು ಗಂಟೆ ಈ ನಕ್ಷೆಗಾಗಿ ಕೊಡಬಹುದು. ಕಲಿಯಲು ಒಂದು ಮಧ್ಯಾಹ್ನ ಸಾಕು. ಆದರೆ ಸುದ್ದಿ ತಣ್ಣಗಾದ ಮೇಲೂ ಕೆಲಸ ನಿಲ್ಲಬಾರದು. ಮುಂದಿನ ಭೂಕಂಪದ ಊರು ಯಾವುದೆಂದು ಯಾರಿಗೂ ಗೊತ್ತಿಲ್ಲ. ಆ ಊರು ನಕ್ಷೆಯಲ್ಲಿ ಇರಬೇಕಾದರೆ ಅದನ್ನು ಈಗಲೇ ಬರೆಯಬೇಕು.