ನಿಶ್ಚಲಜಲದ ಗರಗಸಗಳು

ಮನೆಯ ತೊಲೆ ಜಂತೆಗಳು ಯಾವ ಕಾಡಿನವೆಂದು ವಿಚಾರಿಸುವ ಗೃಹಸ್ಥರು ವಿರಳ. ಈ ಸಲ ವಾಚಕರನ್ನು ಅಂತಹ ಒಂದು ಕಾಡಿನ ಬಾಗಿಲಿಗೆ ಕರೆದೊಯ್ಯುವೆನು.

ಅಮೇರಿಕಾದ ಮಿನಸೋಟ ಸಂಸ್ಥಾನದಲ್ಲಿ ಸೇಂಟ್ ಕ್ರಾಯ್ ನದಿಯ ದಡದ ಮೇಲೆ ಸ್ಟಿಲ್‌ವಾಟರ್ ಎಂಬ ಸಣ್ಣ ಪಟ್ಟಣವುಂಟು. ಹೆಸರಿಗೆ ನಿಶ್ಚಲಜಲವೆಂದರ್ಥ, ನದಿಯು ಅಲ್ಲಿ ಸರೋವರದಂತೆ ಹರಡಿ ಮೆಲ್ಲನೆ ಸಾಗುವುದು. 1837ರಲ್ಲಿ ಒಜಿಬ್ವೆ ಮತ್ತು ಡಕೋಟ ಜನರು ಒಪ್ಪಂದಗಳಿಂದ ಆ ಸೀಮೆಯನ್ನು ಸರ್ಕಾರಕ್ಕೆ ಬಿಟ್ಟುಕೊಟ್ಟರು. ಕೊಂಡವರ ಕಣ್ಣಿದ್ದುದು ಅಲ್ಲಿಯ ಬಿಳಿ ಪೈನ್ ಮರದ ಮೇಲೆ. ಸಂಸ್ಕೃತ ಕೋಶಗಳಲ್ಲಿ ಸರಲವೆಂದು ಕರೆಯುವ ಹಿಮಾಲಯದ ಮರಕ್ಕೆ ಇದು ದಾಯಾದಿ. ಹಗುರವಾದ್ದರಿಂದ ತೇಲುವುದು, ಮೃದುವಾದ್ದರಿಂದ ಗರಗಸಕ್ಕೆ ಸುಲಭವಾಗಿ ಬಗ್ಗುವುದು. ಈ ಎರಡು ಗುಣಗಳೇ ಅದಕ್ಕೆ ಮೃತ್ಯುವಾದುವು.

ಜಾನ್ ಮೆಕ್ಯೂಸಿಕ್ ಮತ್ತು ಸಂಗಡಿಗರ ಗಿರಣಿಯು 1844ರಲ್ಲಿ ಕೊಯ್ತವನ್ನಾರಂಭಿಸಿತು. ಪಟ್ಟಣವು ಅದರ ಸುತ್ತ ಬೆಳೆಯಿತು. ಮರ ಕಡಿಯುವುದು ಚಳಿಗಾಲದ ಕೆಲಸ. ದಿಮ್ಮಿಗಳನ್ನು ಹಿಮದ ಮೇಲೆ ಜಾರುಬಂಡಿಗಳಲ್ಲಿ ಎಳೆದು ಹೊಳೆಯಂಚಿನಲ್ಲಿ ರಾಶಿ ಹಾಕುವರು. ವಸಂತದಲ್ಲಿ ಹಿಮ ಕರಗಿದ ಪ್ರವಾಹವು ಅವನ್ನು ಒಯ್ಯುವುದು. ಆದರೆ ಹತ್ತಾರು ಒಡೆಯರ ದಿಮ್ಮಿಗಳು ಒಂದೇ ನೀರಿನಲ್ಲಿ ಬೆರೆತರೆ ಯಾರದು ಯಾವುದು? ದನಗಳಿಗೆ ಬರೆ ಹಾಕುವಂತೆ ಪ್ರತಿ ಒಡೆಯನೂ ದಿಮ್ಮಿಯ ತುದಿಗೆ ತನ್ನ ಮುದ್ರೆಯನ್ನು ಸುತ್ತಿಗೆಯಿಂದ ಒತ್ತಿಸುತ್ತಿದ್ದನು. ಪಟ್ಟಣದ ಮೇಲುಭಾಗದಲ್ಲಿ, ಸರಪಳಿಯಿಂದ ಬಿಗಿದ ಮರಗಳ ತೇಲುವ ಬೇಲಿಯೊಂದನ್ನು 1856ರಲ್ಲಿ ಕಟ್ಟಿದರು. ಆಳುಗಳು ಉರುಳುವ ದಿಮ್ಮಿಗಳ ಮೇಲೆ ನಿಂತು ಮುದ್ರೆಗಳನ್ನೋದಿ, ಬೇರ್ಪಡಿಸಿ, ಅಳೆದು, ತೆಪ್ಪ ಕಟ್ಟಿ ಕೆಳಕ್ಕೆ ಬಿಡುವರು. ಕೆಲವು ಊರಿನ ಗಿರಣಿಗಳಿಗೆ. ಉಳಿದವು ಮಿಸಿಸಿಪಿ ನದಿಗಿಳಿದು ದೂರದೂರುಗಳಿಗೆ. ಕಾಲು ಜಾರಿದವನ ಪಾಡು ಹೇಳಬೇಕಾಗಿಲ್ಲ. ಗಿರಣಿಯ ಇತಿಹಾಸ ಬರೆಯುವವರು ಒಡೆಯರ ಹೆಸರುಗಳನ್ನೇ ಪಟ್ಟಿ ಮಾಡುವುದು ನನಗೆ ಸರಿಯೆನಿಸದು.

1890ರ ಸುಮಾರಿಗೆ ಈ ವ್ಯಾಪಾರವು ಶಿಖರವನ್ನು ಮುಟ್ಟಿತು. ಕಾಡು ಅಕ್ಷಯವೆಂದು ನಂಬಿದ್ದರು; ಕಡಿದಲ್ಲಿ ನೆಟ್ಟವರಿಲ್ಲ. 1914ರಲ್ಲಿ ಕಡೆಯ ದಿಮ್ಮಿ ಆ ಬೇಲಿಯನ್ನು ದಾಟಿತು. ಒಬ್ಬ ಮನುಷ್ಯನ ಆಯುಷ್ಯದೊಳಗೆ ಎಲ್ಲವೂ ಮುಗಿದಿತ್ತು.

ಆದರೆ 1837ರ ಒಜಿಬ್ವೆ ಒಪ್ಪಂದದಲ್ಲಿ ಗಿರಣಿಗಳವರು ಲಕ್ಷಿಸದ ಒಂದು ಮಾತಿತ್ತು. ಬಿಟ್ಟುಕೊಟ್ಟ ಆ ಸೀಮೆಯಲ್ಲಿಯೂ ಬೇಟೆಯಾಡುವ, ಮೀನು ಹಿಡಿಯುವ, ಕೆರೆಗಳಲ್ಲಿ ತಾನಾಗಿ ಬೆಳೆಯುವ ಧಾನ್ಯವನ್ನು ಕೂಡಿಸಿಕೊಳ್ಳುವ ಹಕ್ಕನ್ನು ಅವರು ಉಳಿಸಿಕೊಂಡಿದ್ದರು. ನಮ್ಮ ಋಷ್ಯಾಶ್ರಮಗಳ ನೀವಾರದಂತಹ ಧಾನ್ಯವದು. ಮಿನಸೋಟ ಸಂಸ್ಥಾನವು ಆ ಹಕ್ಕು ಅಳಿಯಿತೆಂದು ವಾದಿಸಿತು. 1999ರಲ್ಲಿ ಅಮೇರಿಕಾದ ಸರ್ವೋಚ್ಚ ನ್ಯಾಯಾಲಯವು, ಒಂಬತ್ತು ನ್ಯಾಯಾಧೀಶರಲ್ಲಿ ಐವರ ಮತದಿಂದ, ಅದು ಅಳಿದಿಲ್ಲವೆಂದು ತೀರ್ಪಿತ್ತಿತು.