ಸ್ಟ್ರೀಕ್ ಉಳೀತು, ವಾಕ್ಯ ಉಳೀಲಿಲ್ಲ

ಹೋದ ವರ್ಷ ನನ್ನ ಫೋನಿನ ಬೈಬಲ್ ಆ್ಯಪಿನಲ್ಲಿ 143 ದಿನಗಳ ಸ್ಟ್ರೀಕ್ ಇತ್ತು. ಹತ್ತಿಕುಣಿಯಿಂದ ಅವ್ವ ಫೋನ್ ಮಾಡಿದಾಗ ಹೆಮ್ಮೆಯಿಂದ ಹೇಳಿಕೊಂಡೆ. ಆಕಿ ಕೇಳಿದ್ದು ಒಂದೇ ಮಾತು: ‘ಚಲೋ ಆತು ಮಗಾ. ಇವತ್ತ ಏನ್ ಓದಿದಿ?’

ನೆನಪಾಗಲಿಲ್ಲ. ಬೆಳಿಗ್ಗೆ ಕ್ಯಾಬಿನಲ್ಲಿ ಓದಿದ್ದು, ಸಂಜೆಗೆ ತಲೆಯಲ್ಲಿ ಒಂದು ವಾಕ್ಯವೂ ಇಲ್ಲ.

ನಾನು ಆ್ಯಪ್ ಬರೆದೇ ಹೊಟ್ಟೆ ಹೊರೆಯುವವನು. ಸ್ಟ್ರೀಕ್ ಯಾಕಿರುತ್ತೆ ಅಂತ ನನಗೆ ಗೊತ್ತು. ನೀವು ದಿನಾ ಆ್ಯಪ್ ತೆರೀಬೇಕು, ಅಷ್ಟೇ. ತೆರೆದವನು ಓದಿದನೋ, ಓದಿದ್ದು ಎದೆಗೆ ತಾಗಿತೋ, ಅದು ಯಾವ ಡ್ಯಾಶ್‌ಬೋರ್ಡಿನಲ್ಲೂ ಬರೋದಿಲ್ಲ.

ಆದರೂ ಪ್ರತಿ ಹೊಸ ವರ್ಷ ನಮ್ಮ ವಾಟ್ಸ್ಯಾಪ್ ಗ್ರೂಪುಗಳಲ್ಲಿ ಅದೇ ಪಟ್ಟಿ: ‘365 ದಿನಗಳಲ್ಲಿ ಇಡೀ ಬೈಬಲ್’. ಲೆಕ್ಕ ಹಾಕಿ. ಒಟ್ಟು 1,189 ಅಧ್ಯಾಯ, ದಿನಕ್ಕೆ ಮೂರೂಕಾಲು. ಆದಿಕಾಂಡ ಕಥೆಯಂತೆ ಓಡುತ್ತೆ. ಜನವರಿ ಕೊನೆಗೆ ಯಾಜಕಕಾಂಡ ಬರುತ್ತೆ, ಎರೆಮಣ್ಣಿನಲ್ಲಿ ಬಂಡಿ ಹೂತಂಗೆ ಹೂತುಕೊಳ್ಳುತ್ತೆ. ನಾಲ್ಕು ದಿನ ತಪ್ಪಿದರೆ ಹದಿಮೂರು ಅಧ್ಯಾಯ ಬಾಕಿ. ಆಮೇಲೆ ನಾಚಿಕೆ. ಆಮೇಲೆ ಮುಂದಿನ ಜನವರಿ.

ಇಂಥ ಪಟ್ಟಿಗಳಲ್ಲಿ ಹೆಸರಾದ ಒಂದನ್ನು 1842ರಲ್ಲಿ ಮಾಡಿಕೊಟ್ಟವರು ಸ್ಕಾಟ್‌ಲೆಂಡಿನ ಡಂಡೀ ಊರಿನ ಪಾದ್ರಿ ರಾಬರ್ಟ್ ಮರ್ರೆ ಮಕ್‌ಚೇನ್. ಪಟ್ಟಿಯ ಜೊತೆಗೇ ಅದರ ಅಪಾಯಗಳನ್ನೂ ಅವರು ಬರೆದಿಟ್ಟರು: ಓದು ಬರೀ ಶಾಸ್ತ್ರವಾಗಬಹುದು, ಓದಿದೆನೆಂಬ ಸೊಕ್ಕು ಬರಬಹುದು, ಗಮನವಿಲ್ಲದೆ ಓದಬಹುದು, ಕೆಲವರಿಗೆ ಹೊರೆಯಾಗಬಹುದು. ನಾವು ಪಟ್ಟಿ ಫಾರ್ವರ್ಡ್ ಮಾಡಿದೆವು, ಎಚ್ಚರಿಕೆಯನ್ನು ಬಿಟ್ಟೆವು.

ಅವ್ವನ ಫೋನ್ ಬಂದ ಮೇಲೆ ನಾನು ಆ್ಯಪ್ ತೆಗೆದುಹಾಕಿದೆ. ಊರಿಂದ ಕನ್ನಡದ ಸತ್ಯವೇದ ತಂದೆ. 1831ರ ಹೊತ್ತಿಗೇ ಇಡೀ ಬೈಬಲ್ ಕನ್ನಡಕ್ಕೆ ಬಂದಿತ್ತು. ಬಳ್ಳಾರಿಯಲ್ಲಿದ್ದ ಜಾನ್ ಹ್ಯಾಂಡ್ಸ್ ಮತ್ತು ಜೊತೆಯವರು ವರ್ಷಗಟ್ಟಲೆ ಕೂತು ಮಾಡಿದ ಕೆಲಸ. ನಾನು ಮಾತ್ರ ಬಿಇ ಮುಗಿಸಿದ ಮೇಲೆ ಇಂಗ್ಲಿಷಿನಲ್ಲೇ ಓದುತ್ತಿದ್ದೆ. ಭಕ್ತಿಗಲ್ಲ, ಸ್ಟೈಲಿಗೆ.

ಎಲ್ಲರೂ ಹೂತುಕೊಳ್ಳುವ ಯಾಜಕಕಾಂಡದಿಂದಲೇ ಶುರು ಮಾಡಿದೆ. ಹತ್ತೊಂಬತ್ತನೇ ಅಧ್ಯಾಯದಲ್ಲಿ ನಿಂತೆ. ಹೊಲದ ಅಂಚಿನ ತನಕ ಕೊಯ್ಯಬಾರದು, ಹಕ್ಕಲನ್ನು ಬಡವರಿಗೂ ಪರದೇಶಿಗೂ ಬಿಡಬೇಕು ಎಂಬ ಕಟ್ಟಳೆ ಅಲ್ಲಿದೆ. ಇಂಗ್ಲಿಷಿನಲ್ಲಿ ಇದನ್ನು ಎಷ್ಟು ಸಲ ದಾಟಿದ್ದೆನೋ. ಕನ್ನಡದಲ್ಲಿ ಓದಿದಾಗ ತೊಗರಿ ಕೊಯ್ದ ಹೊಲದಲ್ಲಿ ಹಕ್ಕಲ ಆರಿಸುವ ನಮ್ಮ ಓಣಿಯ ಹೆಂಗಸರು ಕಂಡರು. ಮುಂದೆ ರೂತಳು ಆರಿಸಿದ್ದೂ ಇದೇ ಹಕ್ಕಲ. ಅದೇ ಅಧ್ಯಾಯದಲ್ಲಿ ಇನ್ನೊಂದು ಕಟ್ಟಳೆ: ಕೂಲಿಯವರ ಕೂಲಿಯನ್ನು ರಾತ್ರಿ ಕಳೆಯುವ ತನಕ ಇಟ್ಟುಕೊಳ್ಳಬಾರದು.

ಈಗ ಬರೆಯುವ ಮಾತು. ದಪ್ಪ ರಟ್ಟಿನ ಜರ್ನಲ್, ಬಣ್ಣದ ಪೆನ್ನು, ಸ್ಟಿಕ್ಕರ್, ಯಾವುದೂ ಬೇಡ. ವಾಕ್ಯ, ಗಮನಿಸಿದ್ದು, ಅನ್ವಯ, ಪ್ರಾರ್ಥನೆ ಎಂದು ನಾಲ್ಕು ಖಾನೆ ಹಾಕಿ ತುಂಬಿಸುವುದೂ ನನಗೆ ಆಫೀಸಿನ ಜಿರಾ ಟಿಕೆಟ್ಟಿನಂತೆಯೇ ಕಂಡಿತು. ದೇವರಿಗೆ ಸ್ಟೇಟಸ್ ಅಪ್‌ಡೇಟ್ ಬೇಕಿಲ್ಲ. ಶಾಲೆ ಮಕ್ಕಳ ಇನ್ನೂರು ಪೇಜಿನ ನೋಟ್‌ಬುಕ್ ಸಾಕು. ಆ ರಾತ್ರಿ ನಾನು ಬರೆದದ್ದು ಎರಡೇ ಸಾಲು: ‘ಮನೆಗೆಲಸದ ಅಕ್ಕ ಜ್ವರ ಬಂದು ಬರಲಿಲ್ಲ. ಎರಡು ದಿನದ ದುಡ್ಡು ಹಿಡಿದೆ.’ ಬರೆದ ಮೇಲೆ ನಿದ್ದೆ ಬರಲಿಲ್ಲ. ಬೆಳಿಗ್ಗೆ ಕೊಟ್ಟೆ.

‘ಶಿಸ್ತಿಲ್ಲದೆ ಅಭ್ಯಾಸ ಬರಲ್ಲ’ ಅಂತೀರಿ. ಒಪ್ತೀನಿ. ಶಿಸ್ತು ಬೇಕು, ಆದರೆ ಯಾವುದಕ್ಕೆ? ಪುಟ ಮುಗಿಸೋದಕ್ಕೋ, ಮುಟ್ಟಿದ ಕಡೆ ನಿಲ್ಲೋದಕ್ಕೋ? ‘ಪುಸ್ತಕದಲ್ಲಿ ಪ್ರಶ್ನೆ ಬರೀಬಾರದು, ಅದು ಅವಿಶ್ವಾಸ’ ಅನ್ನುವವರೂ ಇದ್ದಾರೆ. ಅವರು ಹದಿಮೂರನೇ ಕೀರ್ತನೆ ತೆರೆಯಲಿ, ಹಬಕ್ಕೂಕನನ್ನು ಓದಲಿ. ‘ಎಷ್ಟು ಕಾಲ?’ ಎಂದು ದೇವರನ್ನೇ ಕೇಳುವ ದನಿ ಬೈಬಲಿನ ಒಳಗೇ ಇದೆ.

ಶುರು ಮಾಡೋರಿಗೆ ನಾನು ಹೇಳೋದಿಷ್ಟು. ದಿನಕ್ಕೊಂದು ತುಣುಕು, ಕನ್ನಡದಲ್ಲಿ, ಸಾಧ್ಯವಾದರೆ ಬಾಯಿಬಿಟ್ಟು ಓದಿ. ನಿಮ್ಮ ಮನೆಮಾತಿನಲ್ಲೇ ಎರಡು ಸಾಲು ಬರೀರಿ, ಕಾಗುಣಿತ ತಪ್ಪಾದರೂ ಪರವಾಗಿಲ್ಲ. ಒಂದು ದಿನ ತಪ್ಪಿತೋ, ಬಾಕಿ ತೀರಿಸಬೇಡಿ, ಇವತ್ತಿನದು ಓದಿ.

ಅವ್ವ ಈಗಲೂ ಫೋನ್ ಮಾಡ್ತಾಳೆ. ಎಷ್ಟು ದಿನ ಆತು ಅಂತ ಒಮ್ಮೆಯೂ ಕೇಳಿಲ್ಲ.