ಬೀಗಮುದ್ರೆಗೆ ಮುನ್ನ ಮುನ್ಸೂಚನೆ

ಕಾರ್ತಿಕ ಮಾಸ ಸಮೀಪಿಸಿತೆಂದರೆ ದೆಹಲಿ ಹಾಗೂ ಸುತ್ತಲಿನ ರಾಜಧಾನಿ ವಲಯದ ಉದ್ಯಮಿಗಳ ದೃಷ್ಟಿ ಮಾರುಕಟ್ಟೆಯ ಧಾರಣೆಗಿಂತ ವಾಯು ಗುಣಮಟ್ಟ ಸೂಚ್ಯಂಕದ ಮೇಲೆಯೇ ನೆಟ್ಟಿರುತ್ತದೆ. ಸೂಚ್ಯಂಕವು 400ನ್ನು ದಾಟಿದರೆ ಅಲ್ಲಿನ ಶ್ರೇಣೀಕೃತ ಕ್ರಿಯಾ ಯೋಜನೆಯ ಮೂರನೆಯ ಹಂತ, 450ನ್ನು ದಾಟಿದರೆ ನಾಲ್ಕನೆಯ ಹಂತ ಜಾರಿಗೆ ಬರುತ್ತದೆ. 2024ರ ನವೆಂಬರ್ 17ರ ಸಂಜೆ ಹೊರಬಿದ್ದ ನಾಲ್ಕನೆಯ ಹಂತದ ಆದೇಶವು ಮರುದಿನ ಬೆಳಿಗ್ಗೆ 8 ಗಂಟೆಗೇ ಜಾರಿಯಾಯಿತು. ಕಾಮಗಾರಿಗಳು ಸ್ಥಗಿತಗೊಂಡವು; ಅವಶ್ಯಕ ವಸ್ತುಗಳನ್ನು ಹೊತ್ತ ಹಾಗೂ ಶುದ್ಧ ಇಂಧನದ ಲಾರಿಗಳ ಹೊರತು ಉಳಿದವು ಗಡಿಯಲ್ಲಿಯೇ ನಿಲ್ಲಬೇಕಾಯಿತು.

ಇಂತಹ ಅಧಿಕಾರವೇ ಬೇಡವೆನ್ನುವುದು ಅವಿವೇಕ. ಆ ಗಾಳಿಯನ್ನು ವರ್ತಕನ ಮಕ್ಕಳೂ ಉಸಿರಾಡುತ್ತಾರೆ. ಆಕ್ಷೇಪವಿರುವುದು ಅಧಿಕಾರವನ್ನು ಚಲಾಯಿಸುವ ರೀತಿಗೆ.

1986ರ ಪರಿಸರ ಸಂರಕ್ಷಣಾ ಕಾಯಿದೆಯ 5ನೇ ಕಲಮಿನನ್ವಯ ಸರ್ಕಾರವು ಘಟಕವನ್ನು ಮುಚ್ಚಿಸಬಹುದು, ವಿದ್ಯುತ್ತನ್ನೂ ನೀರನ್ನೂ ಕಡಿತಗೊಳಿಸಬಹುದು. ಸಾಮಾನ್ಯವಾಗಿ ಆಕ್ಷೇಪಣೆ ಸಲ್ಲಿಸಲು ಕನಿಷ್ಠ 15 ದಿನಗಳ ಅವಕಾಶವುಂಟು. ಪರಿಸರಕ್ಕೆ ತೀವ್ರ ಹಾನಿಯ ಸಂಭವವಿದ್ದಲ್ಲಿ ಮಾತ್ರ, ಕಾರಣಗಳನ್ನು ಲಿಖಿತವಾಗಿ ದಾಖಲಿಸಿ, ಆ ಅವಕಾಶವನ್ನು ಕೈಬಿಡಬಹುದು. ಸಣ್ಣ ಉದ್ಯಮಿಗೆ ಉಳಿಯುವ ರಕ್ಷಣೆ ಆ ಲಿಖಿತ ಕಾರಣವೊಂದೇ. ಅದು ಕಚೇರಿಯ ಕಡತದಲ್ಲಿ ಉಳಿಯದೆ ಆದೇಶದೊಡನೆ ಅವನ ಕೈಸೇರಬೇಕು.

ಪೀಣ್ಯದ ಉದ್ಯಮಿಯೂ ಇದನ್ನು ದೂರದ ವಾರ್ತೆಯೆಂದು ಬದಿಗಿಡುವಂತಿಲ್ಲ. 1981ರ ವಾಯು ಕಾಯಿದೆಯ 31-ಎ ಕಲಮು ಇದೇ ಬಗೆಯ ಅಧಿಕಾರವನ್ನು ಕರ್ನಾಟಕ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಗೂ ನೀಡಿದೆ.

ಮುನ್ಸೂಚನೆ ನೀಡುವುದು ಅಸಾಧ್ಯವೇನಲ್ಲ. ರಾಜಧಾನಿ ವಲಯದ ಕೈಗಾರಿಕೆಗಳಲ್ಲಿ 2023ರ ಜನವರಿ 1ರಿಂದ ಕಲ್ಲಿದ್ದಲು ನಿಷೇಧವೆಂದು 2022ರ ಜೂನ್‌ನಲ್ಲಿಯೇ ಪ್ರಕಟಿಸಲಾಗಿತ್ತು. ಬಾಯ್ಲರ್ ಬದಲಿಸಲು, ಸಾಲ ಹೊಂದಿಸಲು ಅರ್ಧ ವರ್ಷ ದೊರೆಯಿತು. ಹೀಗೆ ಕೈಯಿಂದ ಹಣ ಹಾಕಿ ಅನಿಲಕ್ಕೆ ಬದಲಾದ ಘಟಕವನ್ನೂ ಕದ್ದು ಟೈರು ಸುಡುವ ಘಟಕವನ್ನೂ ಒಂದೇ ತಕ್ಕಡಿಯಲ್ಲಿ ತೂಗಿದರೆ ಮುಂದೆ ಬದಲಾಗುವವರು ಯಾರು?

ಕೆಲಸ ನಿಂತ ಕಟ್ಟಡ ಕಾರ್ಮಿಕರಿಗೆ ಸೆಸ್ ನಿಧಿಯಿಂದ ಜೀವನಾಧಾರ ನೀಡುವಂತೆ 2024ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟು ಆದೇಶಿಸಿದ್ದು ನ್ಯಾಯಸಮ್ಮತ. ಆದರೆ ಅದೇ ಕಟ್ಟಡಕ್ಕೆ ಕಿಟಕಿ, ಟೈಲ್ಸು ಒದಗಿಸುವವನ ಬ್ಯಾಂಕ್ ಕಂತು ಆ ದಿನಗಳಲ್ಲಿಯೂ ನಿಲ್ಲುವುದಿಲ್ಲ. ಕನಿಷ್ಠಪಕ್ಷ ಸ್ಥಗಿತಾವಧಿಯ ಕಂತುಗಳನ್ನಾದರೂ ಬಡ್ಡಿಯ ಮೇಲೆ ಬಡ್ಡಿ ಹೇರದೆ ಮುಂದೂಡಬೇಕು. ಮುಚ್ಚಿದ ಘಟಕವನ್ನು ಪರಿಶೀಲಿಸಿ ಬೀಗ ತೆರೆಯಲು ಅಧಿಕಾರಿಗಳಿಗೂ ಗಡುವು ವಿಧಿಸಬೇಕು.